ಸೌಳುಮಣ್ಣಿನ ಒಡ್ಡು

ನಾನು ಬಾಯಿ ತೆರೆದರೆ ಊರಲ್ಲಿ ಗಾದೆಗಳು ಬಚ್ಚಿಟ್ಟುಕೊಳ್ಳುತ್ತವೆ. ಒಂದರ ತಲೆ ಕಿತ್ತು ಇನ್ನೊಂದರ ಬಾಲಕ್ಕೆ ಹೊಲಿಯೋದು ನನ್ನ ಚಾಳಿ. ಇವತ್ತು ಒಂದನ್ನೂ ಮುಟ್ಟಲ್ಲ. ಇದು ನಡೆದದ್ದು. ನಡೆದ ಹಾಗೇ ಹೇಳ್ತೀನಿ. ನಗು ಬಂದರೆ ನಗಿ.

ನಾನು ದಿಲೀಪ. ಮಡಿವಾಳರ ದಿಲೀಪ. ಪಾಂಡವಪುರದ ಕಾಲೇಜಲ್ಲಿ ಡಿಗ್ರಿ ಮಾಡಿದೆ. ಜ್ವರಕ್ಕೂ ಡಿಗ್ರಿ ಇರುತ್ತದೆ, ಅದು ಮೂರು ದಿನಕ್ಕೆ ಇಳಿಯುತ್ತದೆ. ನನ್ನದು ಇಳಿಯಲೂ ಇಲ್ಲ, ಉಪಯೋಗಕ್ಕೂ ಬರಲಿಲ್ಲ. ಉಪಯೋಗಕ್ಕೆ ಬಂದದ್ದು ಗಂಟಲು. ಯಾರ ದನಿ ಬೇಕಾದರೂ ತೆಗೀತೀನಿ. ತಹಶೀಲ್ದಾರ್ರು, ಮೇಷ್ಟ್ರು, ಕೆ.ಆರ್.ಎಸ್. ಬಸ್ಸಿನ ಕಂಡಕ್ಟರು. ಗೌಡರ ಜಗಲಿಯಲ್ಲಿ ನಮ್ಮೋರು ಕೂರಂಗಿಲ್ಲ. ಆದರೆ ದನಿ ತೆಗೆಯೋ ಹೊತ್ತಿಗೆ ನನಗೆ ಜಾಗ ಸಿಗುತ್ತಿತ್ತು. ಮೆಟ್ಟಿಲ ಮೇಲೆ. ಕೊನೇ ಮೆಟ್ಟಿಲು.

ಸಿಂಧಘಟ್ಟದ ರಸ್ತೆ ಬಿಟ್ಟು ಎಡಕ್ಕೆ ಇಳಿದರೆ ನಮ್ಮೂರು. ಊರಿನ ಹೆಸರು ಬೇಡ. ಊರಿನ ತಗ್ಗಿಗೆ ನಮ್ಮ ಬೀದಿ, ಹನ್ನೆರಡು ಮನೆ. ಬೀದಿ ಹಿಂದೆ ನಮ್ಮ ಮಸಣ. ಮಸಣದ ಹಿಂದೆ ಕೊರಕಲು.

ನಾನು ಚಿಕ್ಕವನಿದ್ದಾಗ ಅದು ಒಂದು ಹೆಜ್ಜೆ ಅಗಲದ ಕಾಲುವೆ. ದಾಟಿ ಆಡುತ್ತಿದ್ದೆವು. ಈಗ ಎತ್ತಿನ ಗಾಡಿ ಬಿದ್ದರೆ ಮೇಲಿಂದ ಕಾಣಲ್ಲ. ಮೇಲಿನ ಗದ್ದೆಗಳ ನೀರೆಲ್ಲ ಪಂಚಾಯ್ತಿ ಮೇಂಬ್ರು ರವೀಂದ್ರ ಗೌಡರ ಕಬ್ಬಿನ ಬದುವಿನಲ್ಲಿ ತಿರುಗಿ ಅಲ್ಲಿಗೇ ಬೀಳುತ್ತದೆ. ಬದು ಹಾಗೆ ತಿರುಗಿಸಿದ್ದು ಅವರ ಅಪ್ಪ. ಪ್ರತಿ ಮಳೆಗೆ ಕೊರಕಲು ಎರಡು ಮಾರು ಮುಂದೆ ಬರುತ್ತಿತ್ತು. ಊರ ಕಡೆಗಲ್ಲ. ನಮ್ಮ ಕಡೆಗೆ.

ಅದಕ್ಕೆ ಅಡ್ಡ ಒಂದು ಮಣ್ಣಿನ ಒಡ್ಡು ಅಂತ ಸರ್ಕಾರದಿಂದ ಬಂತು. ಉದ್ಯೋಗ ಖಾತ್ರಿ ಕೆಲಸ. ಬೋರ್ಡಲ್ಲಿ ‘ಭೂಸಾರ ಸಂರಕ್ಷಣೆ’ ಅಂತ ಬರೆದರು. ಸಾರ ಅವರಿಗೆ, ಭೂಮಿ ನಮ್ಮ ತಲೆ ಮೇಲೆ, ಬಾಂಡ್ಲಿಯಲ್ಲಿ.

ಹದಿನಾರು ಹೆಂಗಸರು ಮಣ್ಣು ಹೊತ್ತರು. ಮುಂದಾಳು ನನ್ನ ಸೋದರತ್ತೆ ಪಾರ್ವತಮ್ಮ. ಐವತ್ತೆಂಟು ವರ್ಷ. ಸಿಂಬೆ ಇಟ್ಟೂ ಇಟ್ಟೂ ನಡುನೆತ್ತಿಯಲ್ಲಿ ಕೂದಲಿಲ್ಲ. ಅಂಗೈ ಬಂಡೆ. ಮೂವತ್ತು ವರ್ಷ ಊರ ಬಟ್ಟೆ ಬಡಿದ ಕೈ. ಊರಿನ ಮದುವೆಯ ಬಟ್ಟೆ, ಮೈಲಿಗೆಯ ಬಟ್ಟೆ, ಹೆರಿಗೆಯ ಬಟ್ಟೆ, ಹೆಣದ ಮೇಲಿನ ಬಟ್ಟೆ. ಸೋಪು ಬರೋ ಮುಂಚೆ ನಮ್ಮೋರಿಗೆ ಸೌಳುಮಣ್ಣೇ ಸೋಪು. ಅದನ್ನು ನೀರಲ್ಲಿ ಕಲಸಿ, ಬಟ್ಟೆ ಅದ್ದಿ, ಹಂಡೆಯಲ್ಲಿ ಉಬ್ಬೆ ಹಾಕಬೇಕು. ಆವಿಗೆ ಕೊಳೆ ಬಿಡುತ್ತದೆ. ಯಾವ ಮಣ್ಣು ಸೌಳು, ಯಾವುದು ಬರೀ ಉಪ್ಪು, ಅತ್ತೆ ಬೆರಳಲ್ಲಿ ಉಜ್ಜಿ ಹೇಳೋಳು. ಸಂಶಯ ಬಂದರೆ ನಾಲಿಗೆಗೆ ಇಟ್ಟು ಹೇಳೋಳು.

ಒಡ್ಡಿಗೆ ಕೆಮ್ಮಣ್ಣು ತರಬೇಕು ಅಂತ ಎಸ್ಟಿಮೇಟಲ್ಲಿ ಇತ್ತು. ರವೀಂದ್ರ ಗೌಡರ ಹೊಂಡ ತೋಡಿದ ಕೆಮ್ಮಣ್ಣು ಗುಡ್ಡೆಯಾಗಿ ಬಿದ್ದಿತ್ತು. ಅದನ್ನು ಅವರು ಕೋಳಿಫಾರಂ ಮಟ್ಟ ಮಾಡೋಕೆ ಇಟ್ಟುಕೊಂಡಿದ್ದರು. ಕೆಲಸ ನೋಡಿಕೊಳ್ಳೋರೂ ಅವರೇ. “ದೂರದ್ದ್ಯಾಕೆ, ಕೊರಕಲ ಪಕ್ಕದ್ದೇ ಅಗೀರಿ” ಅಂದರು. ಕೊರಕಲ ಪಕ್ಕದ್ದು ಸೌಳು.

ಮೊದಲ ಬಾಂಡ್ಲಿ ಇಳಿಸಿದವಳೇ ಅತ್ತೆ ಕೈಗೆ ಹೆಂಟೆ ತಗೊಂಡಳು. ಉಜ್ಜಿದಳು. ಸೆರಗಿಗೆ ಕಟ್ಟಿಕೊಂಡು ನೆಟ್ಟಗೆ ಗೌಡರ ಜಗಲಿಗೆ ಬಂದಳು. ನಾನು ಆಗ ಕೊನೇ ಮೆಟ್ಟಿಲಲ್ಲಿ ಕಂಡಕ್ಟರಾಗಿದ್ದೆ. ಜಗಲಿ ತುಂಬ ಜನ. ಕುರ್ಚಿಯಲ್ಲಿ ಹುಬ್ಬಳ್ಳಿ ಕಡೆಯ ಇಂಜಿನಿಯರ್ರು.

“ಬುದ್ದಿ, ಈ ಮಣ್ಣು ಬ್ಯಾಡಿ. ಇದು ನಿಲ್ಲಾಕಿಲ್ಲ. ನಾವು ಬಟ್ಟೆ ಒಗೆಯೋ ಮಣ್ಣು ಕಣ್ ಬುದ್ದಿ ಇದು. ನೀರ್ ಕಂಡ್ರೆ ಕರಗೋಯ್ತದೆ. ನಿಮ್ ಹೊಂಡದ ಕೆಮ್ಮಣ್ಣು ನಡುವೆ ಆಕಿ, ಎರಡ್ ಕಡೆ ಬೇಕಾದ್ರೆ ಇದು ಆಕವ.”

ರವೀಂದ್ರ ಗೌಡರು ಕಾಲು ಅಲ್ಲಾಡಿಸುತ್ತಾ ಕೇಳಿದರು. “ಏನಮ್ಮಿ ಪಾರ್ವತಿ, ನೀನ್ಯಾವಾಗ ಇಂಜಿನಿಯರ್ ಓದ್ದೆ?”

“ಓದಿಲ್ಲ ಬುದ್ದಿ. ನೀರು ಕೊಡ್ಸಿ, ತೋರ್ಸ್ತೀನಿ.”

ಲೋಟ ಬಂತು. ಸ್ಟೀಲಿನದಲ್ಲ. ದನದ ಹಟ್ಟಿಯ ಸಂದಿಯಲ್ಲಿ ಸಿಕ್ಕಿಸಿದ್ದ ಗಾಜಿನ ಲೋಟ, ನಮ್ಮೋರಿಗೆ ಅಂತಲೇ ಇಟ್ಟದ್ದು. ಮೇಲಿಂದ ನೀರು ಹುಯ್ದರು. ಅತ್ತೆ ಹೆಂಟೆ ಬಿಟ್ಟಳು. ಎಲ್ಲರೂ ಬಗ್ಗಿ ನೋಡಿದರು. ಹೆಂಟೆ ತಳಕ್ಕೆ ಹೋಗಿ ಕೂತಿತು. ಅಂಚು ಸ್ವಲ್ಪ ಮಬ್ಬಾಯಿತು. ಅಷ್ಟೇ.

“ಎಲ್ಲಮ್ಮಿ ಕರಗ್ತು?”

ಅತ್ತೆ ಬೆರಳು ಅದ್ದಿ ಬಾಯಿಗೆ ಇಟ್ಟುಕೊಂಡಳು. “ಇದು ಬೋರಿನ ನೀರು ಬುದ್ದಿ. ಗಡಸು. ಇದ್ರಲ್ಲಿ ಉಪ್ಪು ಸುಣ್ಣ ಎಲ್ಲ ಅದೆ, ಮಣ್ಣ ಇಡ್ಕತದೆ. ಬೋರಿನ ನೀರಲ್ಲಿ ಉಬ್ಬೆಗೆ ಮಣ್ಣೇ ಬಿಡ್ತಿರಲಿಲ್ಲ ನಮ್ಗೆ. ಮಳೆ ನೀರು ಸಪ್ಪೆ. ಸಪ್ಪೆ ನೀರಲ್ಲಿ ನೋಡಿ.”

“ವೈಶಾಖದಲ್ಲಿ ಮಳೆ ನೀರು ಎಲ್ಲಿಂದ ತರಣ?” ಅಂತ ಗೌಡರು ಆಕಾಶ ನೋಡಿದರು. ಜಗಲಿ ನಕ್ಕಿತು. “ಸರಿ. ನೀನು ಎಂಗೂ ರುಚಿ ನೋಡೋಳು. ಪೂರ್ತಿ ಕುಡಿ. ಕುಡ್ದು ಯೇಳು, ಉಪ್ಪೆಷ್ಟು ಸುಣ್ಣ ಎಷ್ಟು ಅಂತ.”

ತಮಾಷೆ ಅಂದುಕೊಂಡಿದ್ದೆ. ಗೌಡರು ಲೋಟ ತೋರಿಸಿ ಸುಮ್ಮನೆ ಕೂತರು. ಇಂಜಿನಿಯರ್ರು ಫೋನು ನೋಡುತ್ತಿದ್ದರು. ಯಾರೂ ಸಾಕು ಅನ್ನಲಿಲ್ಲ. ಅತ್ತೆ ಕುಡಿದಳು. ಕೆಸರು ಗಂಟಲಿಗೆ ಹತ್ತಿ ಕೆಮ್ಮು ಬಂತು. ಕಣ್ಣಲ್ಲಿ ನೀರು ಬಂತು. ಲೋಟವನ್ನು ತೊಳೆದು ಬೋರಲು ಹಾಕಿದಳು. ಅದೂ ಅವಳದೇ ಕೆಲಸ.

ಆಮೇಲೆ ಗೌಡರು ನನ್ನ ಕಡೆ ತಿರುಗಿದರು. “ಲೇ ದಿಲೀಪ, ನಿಮ್ಮತ್ತೆ ಎಂಗಂದ್ಲು ಮಾಡ್ಲಾ.”

ಮಾಡಿದೆ.

ಅವಳ ದನಿ ತೆಗೆದೆ. ಮೂಗಿನಲ್ಲಿ ಎಳೆದು, ಕೊನೆಯಲ್ಲಿ ಕೆಮ್ಮಿ. ‘ನಿಲ್ಲಾಕಿಲ್ಲ ಬುದ್ದಿ, ಸಪ್ಪೆ ನೀರಲ್ಲಿ ನೋಡಿ ಬುದ್ದಿ.’ ಜಗಲಿ ಬಿದ್ದು ಬಿದ್ದು ನಕ್ಕಿತು. ನನಗೆ ಟೀ ಬಂತು. ಅತ್ತೆ ಇನ್ನೂ ಅಂಗಳ ದಾಟಿರಲಿಲ್ಲ. ನಿಂತಳು. ತಿರುಗಲಿಲ್ಲ. ಹೋದಳು. ಆ ಟೀಗೆ ಸಕ್ಕರೆ ಇತ್ತು, ಅದು ನೆನಪಿದೆ.

ಒಡ್ಡು ಎದ್ದಿತು. ಅಗೆಯೋದು, ತುಂಬೋದು, ಹೊರೋದು, ಸುರಿಯೋದು. ಮಣ್ಣು ಹರವಿ ನೀರು ಚಿಮುಕಿಸಿ ದಮ್ಮಸ್ಸಿನಲ್ಲಿ ಬಡಿಯಬೇಕು. ಆ ಮರದ ದಮ್ಮಸ್ಸು ಎತ್ತಿ ಎತ್ತಿ ಹದಿನಾರರಲ್ಲೊಬ್ಬಳು ರಂಜಿತಳಿಗೆ ಹೊಟ್ಟೆಯಲ್ಲಿ ನೋವು ಬಂದು ಎರಡು ದಿನ ಮಲಗಿದಳು. ಅತ್ತೆ ಬೈದುಕೊಂಡೇ ಬಡಿದಳು. “ಬಡೀರೇ. ಕರಗೋ ಮಣ್ಣಾದ್ರೂ ನಮ್ ಕೈಯಲ್ಲಿ ತಪ್ಪು ಇರ್ಬಾರ್ದು.” ಪ್ರತಿ ಪದರಕ್ಕೂ ಬಡಿದರು. ನಾನು ನೋಡಿದ್ದೀನಿ. ಟ್ರಾಕ್ಟರಿನ ಖಲಂದರ್ ನೋಡಿದ್ದಾನೆ. ಅವನು ಪೇಟೆಯವನು, ಬಾಡಿಗೆಗೆ ಬರೋನು. “ಇಷ್ಟು ನಮ್ಮನೆ ತಾರಸಿ ಛತ್ತಿಗೂ ಬಡಿದಿಲ್ಲ ಭಾಯ್” ಅನ್ನುತ್ತಿದ್ದ.

ಮುಗಿದ ದಿನ ರವೀಂದ್ರ ಗೌಡರು ಒಂದು ಪರೀಕ್ಷೆ ಇಟ್ಟರು. ತಮ್ಮ ಬೋರಿನಿಂದ ಪೈಪು ಎಳೆಸಿ ಒಡ್ಡಿನ ಹಿಂದೆ ನೀರು ಬಿಟ್ಟರು. ಎರಡು ದಿನ. ಸೊಂಟದ ಮಟ್ಟ ನಿಂತಿತು. ಒಂದು ತೊಟ್ಟು ಒಸರಲಿಲ್ಲ. ಫೋಟೊ ತೆಗೆದರು. “ಎಲ್ಲಮ್ಮಿ ಪಾರ್ವತಿ, ಕರಗ್ತಾ?” ಅಂತ ದಡದ ಮೇಲಿಂದ ಕೂಗಿದರು. ಊರೇ ನಕ್ಕಿತು. ಮಣ್ಣು ಹೊತ್ತ ಹೆಂಗಸರೂ ನಕ್ಕರು. ಅತ್ತೆ ಮಾತ್ರ ನೀರನ್ನೇ ನೋಡುತ್ತಿದ್ದಳು.

“ಅದೇ ಬೋರಿನ ನೀರು” ಅಂದಳು. ಯಾರಿಗೂ ಅಲ್ಲ.

ಆಶ್ವೀಜದಲ್ಲಿ ಮಳೆ ಹಿಡಿಯಿತು. ಮೂರನೇ ದಿನ ಬೆಳಗ್ಗೆ ನಾನೇ ನೋಡಿದೆ. ಒಡ್ಡಿನ ಬುಡದಲ್ಲಿ ಇಲಿ ಬಿಲದಷ್ಟು ತೂತು. ಅದರಿಂದ ಬರುತ್ತಿದ್ದ ನೀರು ಕೆಂಪಗಿರಲಿಲ್ಲ. ಬಿಳಿ. ಹಾಲಿನ ಹಾಗೆ. ಅತ್ತೆ ಬಂದು ನೋಡಿ ಕೈ ಇಟ್ಟಳು. ಕೈ ಮೊಣಕೈವರೆಗೆ ಹೋಯಿತು. ಮೇಲೆ ಒಡ್ಡು ಹಾಗೇ ನಿಂತಿದೆ, ಬಡಿದ ಗುರುತು ಕೂಡ ಅಳಿಸಿಲ್ಲ. ಒಳಗೆ ಪೂರ್ತಿ ಟೊಳ್ಳು. ಮಧ್ಯಾಹ್ನದ ಹೊತ್ತಿಗೆ ತೂತು ಬಿಂದಿಗೆಯಷ್ಟಾಯಿತು. ಆಮೇಲೆ ಬಾಗಿಲಷ್ಟು. ಆಮೇಲೆ ಸೂರು ಕುಸಿದ ಹಾಗೆ ನಡು ಕುಸಿಯಿತು. ಹಿಂದೆ ನಿಂತಿದ್ದ ನೀರೆಲ್ಲ ಒಂದೇ ಸಲ ನುಗ್ಗಿತು. ಎಡಕ್ಕೆ ತಿರುಗಿ ಮಸಣಕ್ಕೆ ಬಿತ್ತು.

ಮಳೆ ಹೊಳವಾದ ಮೇಲೆ ಅತ್ತೆ ಬಾಂಡ್ಲಿ ತಗೊಂಡು ಕೊರಕಲಿಗೆ ಇಳಿದಳು. ನಾನೂ ಇಳಿದೆ. ಮೊಣಕಾಲವರೆಗೆ ಬಿಳಿ ಕೆಸರು. ಏಳು ಸಮಾಧಿ ಹೋಗಿದ್ದವು. ಯಾರದು ಯಾವುದು ಅಂತ ಹೇಳೋದು ಹೇಗೆ? ಅತ್ತೆಯ ಗಂಡ ಮುದ್ದಯ್ಯ ಮಾವನದು ಮಾತ್ರ ಹೇಳಬಹುದಿತ್ತು. ಮಾವ ಗೌಡರ ಮನೆಯ ತೆಂಗಿನ ಮರದಿಂದ ಬಿದ್ದಾಗ ಮೈಸೂರಿನ ಆಸ್ಪತ್ರೆಯಲ್ಲಿ ತೊಡೆಗೆ ರಾಡು ಹಾಕಿದ್ದರು. ರಾಡಿನ ಸಮೇತವೇ ಹೂತಿದ್ದೆವು. ಅತ್ತೆ ಕೆಸರಲ್ಲಿ ಕೈ ಆಡಿಸಿ ಆಡಿಸಿ ಅದನ್ನು ಹುಡುಕಿದಳು. ಸಿಕ್ಕಿತು. ಮೂಳೆಯೊಳಗೆ ಸ್ಟೀಲು ಹೊಳೆಯುತ್ತಿತ್ತು. ಒಂದಿಷ್ಟೂ ತುಕ್ಕು ಹಿಡಿದಿರಲಿಲ್ಲ. ಬಾಂಡ್ಲಿಯಲ್ಲಿ ಹಾಕಿಕೊಂಡು, ಸಿಂಬೆ ಇಟ್ಟು, ತಲೆ ಮೇಲೆ ಹೊತ್ತಳು. ಒಡ್ಡಿಗೆ ಮಣ್ಣು ಹೊತ್ತ ಅದೇ ಬಾಂಡ್ಲಿ.

ದಾರಿಯಲ್ಲಿ ನನಗೆ ಒಂದೇ ಮಾತು ಹೇಳಿದಳು. “ಈಗ ಮಾಡ್ಲಾ ಮಗ ನನ್ ದನೀಲಿ. ನಗಾನ.”

ನಾನು ಮಾಡಲಿಲ್ಲ. ಆವತ್ತಿಂದ ಗೌಡರ ಮೆಟ್ಟಿಲಿಗೂ ಹೋಗಲಿಲ್ಲ.

ಒಡ್ಡು ಒಡೆದದ್ದಕ್ಕೆ ಕಾರಣ ಬೇಕಲ್ಲ. ಸಿಕ್ಕಿತು. “ಕೂಲಿಯವರು ಸರಿಯಾಗಿ ದಮ್ಮಸ್ಸು ಮಾಡಿಲ್ಲ.” ಪಂಚಾಯ್ತಿಯಲ್ಲಿ ಗೌಡರು ಹಾಗಂದರು, ಬರೆದುಕೊಂಡರು. ಬೇಸಗೆಗೆ ಮತ್ತೆ ಒಡ್ಡು ಬಂತು. ಈಗ ಕೊರಕಲು ಮಸಣ ದಾಟಿ ಅತ್ತೆಯ ಹಿತ್ತಲಿಗೆ ಹತ್ತು ಹೆಜ್ಜೆ. ಗೌಡರು ಬಂದು ಕೋಲಿನಲ್ಲಿ ಗೆರೆ ಎಳೆದು ತೋರಿಸಿದರು, “ಇಲ್ಲೇ ಪಕ್ಕದ್ದೇ ಅಗೀರಿ.”

ಅದೇ ಸೌಳು.

ಅತ್ತೆ ಮತ್ತೆ ಹೇಳಲಿಲ್ಲ. ಹೇಳಿ ಒಂದು ಲೋಟ ಕುಡಿದಿದ್ದಳು. ಆ ಸಂಜೆ ನಾನು ಖಲಂದರ್ ಹತ್ತಿರ ಹೋದೆ. ಅವನು ಟ್ರಾಕ್ಟರಿನ ಚಕ್ರಕ್ಕೆ ಒರಗಿ ಬೀಡಿ ಹಚ್ಚಿದ್ದ.

“ಗೌಡರ ಹತ್ರ ನಿನ್ನ ನಂಬರು ಅದೆ. ನಿಮ್ ಮನೆಯವರದು?”

“ಮಹೇಕಂದಾ? ಇಲ್ಲ. ಯಾಕೋ?”

“ಅವ್ರ ಫೋನು ಒಂದ್ಸಲ ಕೊಡ್ಸು.”

ಅವನು ನನ್ನ ಮುಖ ನೋಡಿದ. “ಯಾ ಅಲ್ಲಾ, ಯಾರ ಗಂಟಲು ಹಾಕ್ತೀಯ ಈಗ?”

ಅವನ ಮನೆಗೆ ಹೋಗಿ, ಮಹೇಕಳ ಫೋನಲ್ಲಿ ಇಂಜಿನಿಯರ್ರ ಗಂಟಲು ಹಾಕಿದೆ. ಆದರೆ ಮಾತು ನನ್ನದಲ್ಲ. ಒಂದಕ್ಷರವೂ ನನ್ನದಲ್ಲ.

“ನಮಸ್ಕಾರ್ರೀ ಮೇಂಬರ್ರ. ಹ್ಞಾಂ, ನಾನ ಮಾತಾಡೂದು, ಇದು ಬ್ಯಾರೇ ನಂಬರ್ ಐತ್ರಿ. ಹೊಸಾ ಒಡ್ಡಿಗೆ ಆ ಮಣ್ಣ ಬ್ಯಾಡ್ರಿ. ಅದು ನಿಲ್ಲೂದಿಲ್ಲ. ಸಪ್ಪನ ನೀರಾಗ ಕರಗತೈತಿ. ನಿಮ್ಮ ಹೊಂಡದ ಕೆಂಪ ಮಣ್ಣ ನಡುವ ಹಾಕ್ರಿ, ಎರಡೂ ಕಡೆ ಬೇಕಾರ ಇದನ್ನ ಹಾಕ್ರಿ.”

ಆ ಕಡೆಯಿಂದ ರವೀಂದ್ರ ಗೌಡರ ದನಿ, ನಾನು ಎಂದೂ ಕೇಳದಷ್ಟು ಮೆತ್ತಗೆ: “ಆಯ್ತು ಸಾರ್. ನೀವು ಯೇಳಿದ ಮೇಲೆ ಮುಗೀತು ಸಾರ್. ನಾಳೆನೇ ಹಾಕಿಸ್ತೀನಿ.”

ಯಾಕೆ ಅಂತ ಕೇಳಲಿಲ್ಲ. ನೀರು ತರಿಸಲಿಲ್ಲ. ಕುಡಿ ಅನ್ನಲಿಲ್ಲ.

ಫೋನು ಇಟ್ಟ ಮೇಲೆ ಖಲಂದರ್ ಹೊಟ್ಟೆ ಹಿಡಿದುಕೊಂಡು ನಕ್ಕ. ನನಗೆ ನಗು ಬರಲಿಲ್ಲ. ಅದೇ ಮಾತು. ಅದೇ ಮಣ್ಣು. ಬೇರೆ ಗಂಟಲು, ಅಷ್ಟೇ.

ಮಾರನೇ ದಿನ ಖಲಂದರನ ಟ್ರಾಕ್ಟರು ಕೆಮ್ಮಣ್ಣು ತಂದು ಸುರಿಯಿತು. ಅತ್ತೆ ಒಂದು ಹಿಡಿ ಎತ್ತಿ, ಉಜ್ಜಿ, ನನ್ನ ಕಡೆ ನೋಡಿದಳು. ಕೇಳಲಿಲ್ಲ. ದಮ್ಮಸ್ಸು ಎತ್ತಿದಳು. ಎಂಟು ದಿನ ಬಿಟ್ಟು ಇಂಜಿನಿಯರ್ರು ಬಂದವರು ಒಡ್ಡು ನೋಡಿ “ಭಾಳ ಛಲೋ ಮಾಡಿಸೀರಿ” ಅಂದರು. ಗೌಡರು “ಎಲ್ಲ ನಿಮ್ದೇ ಸಾರ್” ಅಂದರು. ಒಬ್ಬರು ಬೆನ್ನು ತಟ್ಟಿದರು, ಇನ್ನೊಬ್ಬರು ಕೈ ಮುಗಿದರು. ಯಾರೂ ಯಾರನ್ನೂ ಏನೂ ಕೇಳಲಿಲ್ಲ.

ಆ ವರ್ಷದ ಮಳೆ ಹಿಂದಿನದಕ್ಕಿಂತ ಜೋರು. ಒಡ್ಡು ನಿಂತಿತು.

ಮಳೆ ನಿಂತ ವಾರಕ್ಕೆ ತಾಲ್ಲೂಕಿನಿಂದ ಒಬ್ಬ ಮೇಡಂ ಬಂದರು, ತನುಶ್ರೀ ಅಂತ. ಹಳೇ ಒಡ್ಡಿನ ಫೈಲು ಇನ್ನೂ ಬಾಯಿ ತೆರೆದುಕೊಂಡಿತ್ತು, ಮುಚ್ಚಬೇಕಿತ್ತು. ಒಡ್ಡಿನ ಮೇಲೇ ಒಂದು ಮೇಜು, ಮೂರು ಕುರ್ಚಿ ಹಾಕಿದರು. ಒಂದು ಕುರ್ಚಿಯಲ್ಲಿ ಮೇಡಂ, ಒಂದರಲ್ಲಿ ಇಂಜಿನಿಯರ್ರು, ಒಂದರಲ್ಲಿ ರವೀಂದ್ರ ಗೌಡರು. ಹದಿನಾರು ಹೆಂಗಸರು ನಿಂತಿದ್ದರು. ನಾನೂ ಖಲಂದರನೂ ಟ್ರಾಕ್ಟರಿನ ಹತ್ತಿರ.

ಗೌಡರು ಕಾಗದ ಓದಿದರು. “ನಾವು ಕೂಲಿಕಾರರು ಸರಿಯಾಗಿ ದಮ್ಮಸ್ಸು ಮಾಡದೆ ಬೇಜವಾಬ್ದಾರಿ ತೋರಿದ್ದರಿಂದ ಒಡ್ಡು ಒಡೆದು ಸ್ಮಶಾನಕ್ಕೆ ಹಾನಿ ಆಗಿರುತ್ತದೆ. ತಪ್ಪನ್ನು ಒಪ್ಪಿರುತ್ತೇವೆ.” ಇಂಕು ಡಬ್ಬಿ ತೆರೆದರು. “ಬಾ ಪಾರ್ವತಿ. ಮೊದ್ಲು ನೀನು ಒತ್ತು. ಒಂದು ಹೆಬ್ಬೆಟ್ಟು, ಫೈಲು ಕ್ಲೋಸು.”

ಅತ್ತೆ ಮುಂದೆ ಬಂದಳು. ಇಂಕು ನೋಡಿದಳು. ಹೆಬ್ಬೆರಳು ಮಡಚಿ ಮುಷ್ಟಿಯೊಳಗೆ ಇಟ್ಟುಕೊಂಡಳು.

“ಒತ್ತಾಕಿಲ್ಲ.”

“ಏನು?”

“ಒತ್ತಾಕಿಲ್ಲ. ನನ್ ಗಂಡನ ಸಮಾಧಿ ನಾನೇ ತೊಳ್ದೆ ಅಂತ ಒತ್ಲಾ? ಅವನ ಮೂಳೆ ಈ ತಲೆ ಮೇಲೆ ಹೊತ್ತೀವ್ನಿ. ಒತ್ತಾಕಿಲ್ಲ.”

“ಜಾಬ್ ಕಾರ್ಡು ಬೇಡ್ವಾ ನಿಮ್ಗೆ?” ಗೌಡರು ದನಿ ತಗ್ಗಿಸಿದರು. ಆ ದನಿ ನನಗೆ ಗೊತ್ತು. “ಹದಿನಾರು ಜನದ್ದೂ ಯೋಚ್ನೆ ಮಾಡು.”

ರಂಜಿತ ಅತ್ತೆಯ ಪಕ್ಕ ಬಂದು ನಿಂತಳು. ಅವಳ ಹಿಂದೆ ಇನ್ನೊಬ್ಬಳು. ಹದಿನಾರು ಮುಷ್ಟಿ.

“ರವೀಂದ್ರ” ಅಂದಳು ಅತ್ತೆ.

ಬುದ್ದಿ ಇಲ್ಲ. ಗೌಡ್ರೆ ಇಲ್ಲ. ಹಾಗೆ ಹೆಸರು ಹಿಡಿದು ನಮ್ಮ ಬೀದಿಯವರು ಕರೆದದ್ದನ್ನು ನಾನು ಹುಟ್ಟಿದಾಗಿಂದ ಕೇಳಿಲ್ಲ.

“ನೀನು ಹುಟ್ದಾಗ ನಿಮ್ಮವ್ವನ ಹೆರಿಗೆ ಬಟ್ಟೆ ಒಗ್ದೋಳು ನನ್ನತ್ತೆ. ಮಣ್ಣು ಕಲಸ್ಕೊಟ್ಟೋಳು ನಾನು. ಇದೇ ಮಣ್ಣು. ರಕ್ತಾನೇ ಬಿಡ್ಸೋ ಮಣ್ಣು, ನೀರ ತಡೀತದಾ? ನಾನು ಯೇಳ್ದೆ. ಯೇಳಿದ್ದಕ್ಕೆ ನೀನು ಕುಡ್ಸ್ದೆ. ಬರೆಯೋದಾದ್ರೆ ಅದ ಬರ್ಸು.”

“ನೀನ್ ಯೇಳೋದೇನಮ್ಮಿ!” ಗೌಡರು ಮೇಡಂ ಕಡೆ ತಿರುಗಿದರು. “ಇವ್ರಿಗೇನು ಗೊತ್ತು ಮೇಡಂ. ಈ ಒಡ್ಡು ನಿಂತಿರೋದು ಇಂಜಿನಿಯರ್ ಸಾಹೇಬ್ರ ಮಾತಿಂದ. ಖುದ್ದು ಫೋನ್ ಮಾಡಿ ಯೇಳಿದ್ರು, ಕೆಮ್ಮಣ್ಣು ನಡುವೆ ಹಾಕಿ ಅಂತ. ನನ್ ಸ್ವಂತ ಮಣ್ಣು ಮೇಡಂ, ಒಂದ್ ಮಾತಿಗೆ ಕೊಟ್ಟೆ.”

ಇಂಜಿನಿಯರ್ರು ತಲೆ ಎತ್ತಿದರು. “ನಾನ್ರೀ? ನಾ ಯಾವಾಗ ಫೋನ್ ಮಾಡೇನ್ರಿ?”

ಆಗ ನಾನು ಬಾಯಿ ತೆರೆದೆ. ಟ್ರಾಕ್ಟರಿನ ಹತ್ತಿರ ನಿಂತಲ್ಲೇ. “ನಮಸ್ಕಾರ್ರೀ ಮೇಂಬರ್ರ. ಹೊಸಾ ಒಡ್ಡಿಗೆ ಆ ಮಣ್ಣ ಬ್ಯಾಡ್ರಿ. ಅದು ನಿಲ್ಲೂದಿಲ್ಲ. ಸಪ್ಪನ ನೀರಾಗ ಕರಗತೈತಿ.” ಉಸಿರು ತಗೊಂಡು ಅದೇ ಮಾತನ್ನು ಅತ್ತೆಯ ದನಿಯಲ್ಲಿ ಹೇಳಿದೆ. ಮೂಗಿನಲ್ಲಿ ಎಳೆಯದೆ. ಕೆಮ್ಮದೆ. ಅವಳು ಆವತ್ತು ಹೇಳಿದ ಹಾಗೆ. “ಈ ಮಣ್ಣು ಬ್ಯಾಡಿ. ಇದು ನಿಲ್ಲಾಕಿಲ್ಲ. ಸಪ್ಪೆ ನೀರಲ್ಲಿ ನೋಡಿ.”

ಅತ್ತೆ ಸೆರಗಿನ ಗಂಟು ಬಿಚ್ಚಿದಳು. ಒಂದು ಹೆಂಟೆ. ರಂಜಿತ ಮನೆಯಿಂದ ತಂದಿದ್ದ ಲೋಟಕ್ಕೆ ಚೊಂಬಿನಿಂದ ನೀರು ಬಗ್ಗಿಸಿದಳು. ಸೂರಿನ ನೀರು, ಕಳೆದ ವಾರದ ಮಳೆಯದು. ಅತ್ತೆ ಲೋಟವನ್ನು ಆ ಕಾಗದದ ಮೇಲೇ ಇಟ್ಟು ಹೆಂಟೆ ಬಿಟ್ಟಳು. ಅದು ತಳ ಮುಟ್ಟುವ ಮುಂಚೆ ಹೊಗೆ ಬಿಡೋಕೆ ಶುರುವಾಯಿತು. ಬಿಳಿ ಹೊಗೆ. ನೋಡುತ್ತಾ ನೋಡುತ್ತಾ ಹೆಂಟೆ ಇರಲಿಲ್ಲ. ಲೋಟದ ತುಂಬ ಹಾಲು.

ಮೇಡಂ ಲೋಟ ನೋಡಿದರು. ಕಾಲ ಕೆಳಗಿನ ಒಡ್ಡು ನೋಡಿದರು. “ಎಸ್ಟಿಮೇಟಲ್ಲಿ ಮೊದಲ ಸಲಾನೂ ಕೆಮ್ಮಣ್ಣೇ ಇತ್ತಲ್ವಾ ಮೆಂಬರ್ರೇ?” ಅಂದರು.

ಖಲಂದರನಿಗೆ ತಡೆಯಲಾಗಲಿಲ್ಲ. ಅವನಿಂದ ಶುರುವಾಯಿತು, ಮೂಗಿನಲ್ಲಿ ಒಂದು ಸಣ್ಣ ಸದ್ದು. ರಂಜಿತ ಸೆರಗು ಕಚ್ಚಿಕೊಂಡಳು. ಆಮೇಲೆ ಹದಿನಾರೂ ಜನ. ಇಂಜಿನಿಯರ್ರೂ ಬಾಯಿಗೆ ಕರ್ಚೀಫು ಹಿಡಿದರು. ರವೀಂದ್ರ ಗೌಡರು ಒಬ್ಬೊಬ್ಬರ ಮುಖವನ್ನೂ ನೋಡಿದರು. ಮೊದಲು ಕಿವಿ ಕೆಂಪಾಯಿತು. ಆಮೇಲೆ ಕುತ್ತಿಗೆ. ಸಿಟ್ಟು ಮಾಡಿಕೊಳ್ಳೋ ಹಾಗಿಲ್ಲ, ಮೇಡಂ ಪೆನ್ನು ತೆರೆದುಕೊಂಡು ಕೂತಿದ್ದರು. ಎದ್ದು ಹೋಗೋ ಹಾಗಿಲ್ಲ. ಉಳಿದದ್ದು ಒಂದೇ.

ನಕ್ಕರು. “ಎಂಥಾ ನನ್ಮಗನೋ ನೀನು!” ಅಂತ ನನ್ನ ಕಡೆ ಬೆರಳು ಮಾಡಿ ನಕ್ಕರು. ತೊಡೆ ತಟ್ಟಿಕೊಂಡು ನಕ್ಕರು. ಖಲಂದರ್ ನಿಲ್ಲಿಸಿದ. ಹೆಂಗಸರು ನಿಲ್ಲಿಸಿದರು. ಗೌಡರು ನಿಲ್ಲಿಸಲಿಲ್ಲ. ಕಣ್ಣಲ್ಲಿ ನೀರು ಸುರಿಯುತ್ತಿತ್ತು. ಅತ್ತೆ ಆ ಲೋಟ ಎತ್ತಿ ಅವರ ಮುಂದೆ ಹಿಡಿದು ನಿಂತಳು. ಕುಡಿ ಅನ್ನಲಿಲ್ಲ. ಹಿಡಿದು ನಿಂತಳು, ಅಷ್ಟೇ.

ನಾನು ಯಾರ ನಗು ಬೇಕಾದರೂ ತೆಗೀತೀನಿ. ಆ ನಗು ಇವತ್ತಿಗೂ ಬಂದಿಲ್ಲ. ನಿಲ್ಲಿಸಿದ ಮೇಲೆ ಏನಾದರೂ ಮಾತಾಡಬೇಕು ಅಂತ ಅವರಿಗೆ ಗೊತ್ತಿತ್ತು. ಅದಕ್ಕೇ ನಿಲ್ಲಿಸಲಿಲ್ಲ. ಕೊರಕಲಿನ ಎರಡೂ ದಡಕ್ಕೆ ಬಡಿದು ವಾಪಸ್ ಬರೋ ಹಾಗೆ, ಎಲ್ಲರಿಗಿಂತ ಜೋರಾಗಿ, ನಗುತ್ತಲೇ ಇದ್ದರು.